ಬಾಲಕ್ಕೆ ರೊಕ್ಕ ಕೊಡೋ ರಾಜರು ಈಗಿಲ್ಲ

ಡಿಜಿಟಲ್ ಹಾಡಿನ ಅಂಕೆಗಳನ್ನ ಆಂಪ್ಲಿಫೈಯರಿಗೆ ಒಗ್ಗಿಸೋ ಆ ಡ್ಯಾಕ್ ಪೆಟ್ಟಿಗೆ ಮಾರುತ್ತೀನಿ ಅಂತ ಹೊರಟಿದ್ದೀಯ. ಮಾರು ತಮ್ಮಾ, ಬೇಡ ಅನ್ನೋನು ನಾನಲ್ಲ. ಕಮಲಾಪುರದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಾ, ಹಳೇ ಆಂಪ್ಲಿಫೈಯರ್ ಕೊಂಡು ಮಾರುತ್ತಾ ತಲೆ ಹಣ್ಣಾದವನು ನಾನು. ನಿನ್ನ ಬೆಳ್ಳಿಬಣ್ಣದ ಪೆಟ್ಟಿಗೆಯ ಮುಂದೆ ನನ್ನ ಸಾಮಾನೆಲ್ಲ ಗುಜರಿ ಅಂತ ನಿನಗೆ ನಗು ಬರುತ್ತೆ. ನಗು. ಆದರೆ ಹಾಡು ಕೇಳೋದರಲ್ಲಿ ನೀನು ಜಾಣ, ಮಾರೋದರಲ್ಲಿ ಇನ್ನೂ ಅಂಬೆಗಾಲು.

ಮೊದಲು ಆ ಜಾಹೀರಾತು ಅಳಿಸು. ‘ಪರದೆ ಸರಿದ ಹಾಗಾಯಿತು, ಹಾಡುವವರು ಎದುರಿಗೇ ಬಂದು ಕುಂತ ಹಾಗಾಯಿತು’ ಅಂತ ಅರ್ಧ ಪುಟ ಬರೆದಿದ್ದೀಯ. ಹೆತ್ತವರಿಗೆ ಹೆಗ್ಗಣ ಮುದ್ದು. ಗಿರಾಕಿಗೆ ನಿನ್ನ ಕಿವಿ ಯಾಕೆ, ಅವನಿಗೂ ಎರಡಿವೆ. ಅವನಿಗೆ ಬೇಕಾಗಿರೋದು ಪೆಟ್ಟಿಗೆಯ ಜಾತಕ. ಯಾವ ವರ್ಷ ಕೊಂಡದ್ದು, ಬಿಲ್ ಇದೆಯಾ, ನೀನೇ ಮೊದಲ ಯಜಮಾನನಾ ಇಲ್ಲ ನಿನಗೂ ಸೆಕೆಂಡ್ ಹ್ಯಾಂಡಾ, ಯಾವತ್ತಾದರೂ ಬಿಚ್ಚಿಸಿದ್ದೀಯಾ, ರಿಮೋಟ್ ಎಲ್ಲಿ. ಅಮೆರಿಕದಿಂದ ಯಾರೋ ತಂದುಕೊಟ್ಟದ್ದಾದರೆ ಹಿಂದಿನ ತಗಡಿನ ಮೇಲೆ 120 ವೋಲ್ಟ್ ಅಂತಿದೆಯಾ, 230 ಅಂತಿದೆಯಾ, ಅದನ್ನೂ ನೋಡಿ ಬರಿ. 120ರದ್ದನ್ನ ಬರೆಯದೆ ಕೊಟ್ಟೆ ಅಂದರೆ, ಗಿರಾಕಿ ಮನೆಯಲ್ಲಿ ಪ್ಲಗ್ ಹಾಕಿದ ಗಳಿಗೆಗೇ ಹೊಗೆ.

ಸೀರಿಯಲ್ ನಂಬರ್ ಕೇಳಿದರೆ ಸಿಡುಕಬೇಡ. ಅದಕ್ಕೂ ಕಾರಣ ಇರುತ್ತೆ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಒಕದಲ್ಲಿ ಎಕೆಎಂ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಅವರ ಚಿಪ್ ನಂಬಿಕೊಂಡಿದ್ದ ಡ್ಯಾಕ್ ಕಂಪನಿಗಳು ಬೇರೆ ಬಾಗಿಲು ತಟ್ಟಬೇಕಾಯಿತು. ಜರ್ಮನಿಯ ಆರ್‌ಎಂಇ ತನ್ನ ಎಡಿಐ-2 ಡ್ಯಾಕಿಗೆ ಇಎಸ್ಎಸ್ ಕಂಪನಿಯ ಚಿಪ್ ಹಾಕಿತು. ಹೆಸರು ಅದೇ, ಹೊಟ್ಟೆಯೊಳಗಿನದು ಬೇರೆ. ಯಾವ ಕಾಲದ ಪೆಟ್ಟಿಗೆ ಅಂತ ಗಿರಾಕಿ ನಂಬರಿನಿಂದ ಲೆಕ್ಕ ಹಾಕುತ್ತಾನೆ. ಹಳೇ ಚಿಪ್ಪೇ ಬೇಕು ಅನ್ನೋರು ಕೆಲವರು, ಹೊಸದೇ ಬೇಕು ಅನ್ನೋರು ಕೆಲವರು. ಕಣ್ಣು ಕಟ್ಟಿ ಕೇಳಿಸಿದರೆ ಇಬ್ಬರೂ ತಡವರಿಸುತ್ತಾರೆ ಅಂತ ನನ್ನ ಗುಮಾನಿ. ಆದರೆ ವ್ಯಾಪಾರದ ಹೊತ್ತಿನಲ್ಲಿ ಅದನ್ನ ಬಾಯಿಬಿಟ್ಟು ಹೇಳಬಾರದು.

ಇನ್ನು ರೇಟು. ನೀನು ಕೊಟ್ಟ ದುಡ್ಡು ಮರೆತುಬಿಡು. ಸಿಡಿಯಲ್ಲಿ ಒಂದೊಂದು ಕಿವಿಗೆ ಸೆಕೆಂಡಿಗೆ 44,100 ಅಂಕೆ ಇರುತ್ತವೆ. ಅವನ್ನ ಕರೆಂಟಿನ ಏರಿಳಿತ ಮಾಡಿ ಆಂಪ್ಲಿಫೈಯರಿಗೆ ದಾಟಿಸೋದಷ್ಟೇ ಡ್ಯಾಕಿನ ಕೆಲಸ. 1982ರಲ್ಲಿ ಸಿಡಿ ಬಂದಾಗ ಅದು ದೊಡ್ಡ ವಿದ್ಯೆ. ಇವತ್ತು ಚೀನಾದಿಂದ ಬರುವ ಅಂಗೈಯಗಲದ ಪೆಟ್ಟಿಗೆಯೂ ಅಳತೆಗೆ ಇಟ್ಟರೆ ಲಕ್ಷದ ಪೆಟ್ಟಿಗೆಯ ಪಕ್ಕದಲ್ಲಿ ತಲೆಯೆತ್ತಿ ನಿಲ್ಲುತ್ತೆ. ನನ್ನ ಹಳೇ ಆಂಪ್ಲಿಫೈಯರ್ ಕೆಟ್ಟರೂ ಟ್ರಾನ್ಸ್‌ಫಾರ್ಮರಿನ ತಾಮ್ರಕ್ಕೆ ತೂಕದ ಬೆಲೆ ಸಿಗುತ್ತಿತ್ತು. ನಿನ್ನದಕ್ಕೆ ಅದೂ ಇಲ್ಲ. ಇನ್ನೊಬ್ಬ ಎಷ್ಟು ಹೇಳಿದ್ದಾನೆ ಅಂತ ನೋಡಬೇಡ, ಎಷ್ಟಕ್ಕೆ ಬಿಟ್ಟುಕೊಟ್ಟ ಅಂತ ವಿಚಾರಿಸು. ಚೌಕಾಸಿಗೆ ಸ್ವಲ್ಪ ಜಾಗ ಇಟ್ಟು ಒಂದೇ ರೇಟು ಹೇಳು. ಬೆಳಿಗ್ಗೆ ಒಂದು, ಸಂಜೆ ಒಂದು ಅಂದರೆ ಗಿರಾಕಿಗೆ ನಿನ್ನ ಅವಸರದ ವಾಸನೆ ಹತ್ತುತ್ತೆ.

ಫೋಟೋ ತೆಗೆಯೋ ಮೊದಲು ಮುಚ್ಚಳದ ತೂತುಗಳಿಗೆ ಬ್ಯಾಟರಿ ಬಿಟ್ಟು ನೋಡು. ಸಂಡೂರಿನ ಅದಿರು ಲಾರಿ ಓಡಾಡೋ ಸೀಮೆ ನಮ್ಮದು. ಒಳಗೆ ಕುಂಕುಮ ಚೆಲ್ಲಿದ ಹಾಗೆ ಸಣ್ಣ ಕೆಂಪು ಧೂಳು ಕೂತಿರುತ್ತೆ, ಬೆರಳಿಟ್ಟರೆ ಬೆರಳೂ ಕೆಂಪು. ಒದ್ದೆ ಬಟ್ಟೆ ತಾಗಿಸಿದರೆ ರಾಡಿಯಾಗಿ ಮೂಲೆಮೂಲೆಗೆ ಮೆತ್ತಿಕೊಳ್ಳುತ್ತೆ. ಪ್ಲಗ್ ಕಿತ್ತು, ಒಂದು ರಾತ್ರಿ ಬಿಟ್ಟು, ಒಣ ಮೆತ್ತನೆ ಬ್ರಷ್‌ನಲ್ಲಿ ಮೆಲ್ಲಗೆ ಗುಡಿಸು. ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡಿಸೋ ಬುದ್ಧಿ ನಿನಗೆ ಬಂದೇ ಬರುತ್ತೆ, ನನಗೆ ಗೊತ್ತು. ಆ ಗಾಳಿಯಲ್ಲಿ ನೀರಿನ ಪಸೆ ಇರುತ್ತೆ, ಬೇಡ. ಗೀರು ಬಿದ್ದ ಕಡೆಯ ಫೋಟೋ ಎಲ್ಲಕ್ಕಿಂತ ಮೊದಲು ಹಾಕು. ಕೊರೆಯನ್ನ ನೀನೇ ತೋರಿಸಿದರೆ ಗಿರಾಕಿ ಮಿಕ್ಕದ್ದನ್ನ ನಂಬುತ್ತಾನೆ. ಅವನೇ ಕಂಡುಹಿಡಿದನೋ, ಇಲ್ಲದ ಕೊರೆಯನ್ನೂ ಹುಡುಕೋಕೆ ಶುರು ಮಾಡುತ್ತಾನೆ.

ಇನ್ನು ಕೊರಿಯರಿನಲ್ಲಿ ಕಳಿಸೋ ಮಾತಿಗೆ ಒಂದು ಕಥೆ ಹೇಳುತ್ತೀನಿ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ 1535ರ ಸುಮಾರಿಗೆ ಬರೆದದ್ದು ಇದು. ಅಲ್ಲಿ ಹಿಂದೆ ಆಳಿದ್ದ ಸಾಳುವ ನರಸಿಂಹನಿಗೆ ಓರ್ಮುಜ್ ಮತ್ತು ಏಡನ್ ಕಡೆಯ ಕುದುರೆ ಎಂದರೆ ಪಂಚಪ್ರಾಣ. ಸಾವಿರ ಪರ್ದಾವ್ ನಾಣ್ಯಕ್ಕೆ ಮೂರು ಕುದುರೆ. ಸಮುದ್ರದಲ್ಲಿ ಸತ್ತರೂ ಚಿಂತೆಯಿಲ್ಲ, ಬಾಲ ತಂದು ತೋರಿಸಿದರೆ ಜೀವಂತ ಕುದುರೆಯ ಬೆಲೆಯೇ ಸಿಗುತ್ತಿತ್ತಂತೆ. ಈಗ ಅಂಥ ಗಿರಾಕಿ ಎಲ್ಲಿದ್ದಾನೆ? ದಾರಿಯಲ್ಲಿ ಒಡೆದರೆ ನಿನ್ನ ತಲೆಗೇ. ಕಂಪನಿಯ ಬಾಕ್ಸ್, ಒಳಗಿನ ಫೋಮ್ ಇದ್ದರೆ ನೀನು ಪುಣ್ಯವಂತ. ಅದನ್ನ ಇನ್ನೊಂದು ದೊಡ್ಡ ಬಾಕ್ಸಿನಲ್ಲಿಟ್ಟು ಸುತ್ತಲೂ ಒತ್ತಾಗಿ ತುಂಬು, ವಿಮೆ ಮಾಡಿಸು, ಕಟ್ಟುವಾಗ ವಿಡಿಯೋ ತೆಗೆ. ಬಾಕ್ಸನ್ನ ಅಟ್ಟದಲ್ಲಿ ಜಾಗ ಇಲ್ಲ ಅಂತ ರದ್ದಿಗೆ ಹಾಕಿದ್ದರೆ ಕೊರಿಯರ್ ಯೋಚನೆಯನ್ನೇ ಬಿಡು. ಬೆಂಗಳೂರಿನ ಗಿರಾಕಿಯಾದರೆ ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತು, ಪೆಟ್ಟಿಗೆ ತೊಡೆಯ ಮೇಲಿರಲಿ. ಅವನ ಮನೆಯಲ್ಲಿ, ಅವನ ಸ್ಪೀಕರಿನಲ್ಲಿ, ಅವನ ಹಾಡೇ ಹಾಕಿಸು. ‘ಕೇಳಿಸ್ತಾ, ಕೇಳಿಸ್ತಾ’ ಅಂತ ಅವನ ಮುಖ ನೋಡಬೇಡ. ಬಾಯಿ ಮುಚ್ಚಿಕೊಂಡು ಅವರ ಮನೆ ಕಾಫಿ ಕುಡಿ.

ರೊಕ್ಕ ಕೈಗೆ ಬರೋವರೆಗೂ ಪೆಟ್ಟಿಗೆ ಬಿಡಬೇಡ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ‘ನಾನು ಮಿಲಿಟರಿಯವನು, ನೋಡೋದೇನೂ ಬೇಡ, ಈಗಲೇ ಹಣ ಹಾಕುತ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಅಂತ ಫೋನ್ ಬಂದರೆ ಕಟ್ ಮಾಡು. ಹಣ ಬರೋದಕ್ಕೆ ಪಿನ್ ಒತ್ತೋದು ಬೇಕಿಲ್ಲ, ಹೋಗೋದಕ್ಕೆ ಮಾತ್ರ ಬೇಕು. ಚೌಕಾಸಿ ಮಾಡದ ಗಿರಾಕಿಯನ್ನ ನಾನು ಯಾವ ಕಾಲಕ್ಕೂ ನಂಬಿಲ್ಲ. ದೊಡ್ಡ ಮೊತ್ತವಾದರೆ ಬ್ಯಾಂಕಿಗೇ ಹಾಕಿಸಿಕೊ. 2 ಲಕ್ಷ ಮುಟ್ಟಿದ ಮೇಲೆ ನಗದು ತಗೊಳ್ಳೋದು ತೆರಿಗೆ ಕಾನೂನಿಗೆ ಒಗ್ಗದು. ತಗೊಂಡಷ್ಟೇ ದಂಡ ಬೀಳಬಹುದು.

ಮಾರಿದ ಮೇಲೆ ಒಂದು ತಿಂಗಳು ಅವನ ಫೋನ್ ಎತ್ತು. ಡ್ರೈವರ್ ಹಾಕೋಕೆ ಬರುತ್ತಿಲ್ಲ, ಕಂಪ್ಯೂಟರಿಗೆ ಕಾಣಿಸುತ್ತಿಲ್ಲ ಅಂತ ಕೇಳುತ್ತಾನೆ, ಹೇಳಿಕೊಡು. ಇನ್ನು ಆ ರೊಕ್ಕದಲ್ಲಿ ಇದಕ್ಕಿಂತ ದೊಡ್ಡ ಡ್ಯಾಕ್ ತರೋ ಹುನ್ನಾರ ನಿನ್ನದು ಅಂತ ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ಬುಕ್ ಮಾಡೋದಿದ್ದರೆ ಇದರ ಹಣ ಬಂದ ಮೇಲೆ ಮಾಡು. ಯಾಕೋ ತಲೆ ತಗ್ಗಿಸಿದೆ? ಓಹೋ, ಆಗಲೇ ಮಾಡಿಬಿಟ್ಟೆಯಾ. ಸರಿ, ಆ ಬ್ರಷ್ ತಗೊಂಡು ಬಾ, ಧೂಳು ತೆಗೆಯೋಣ.