ವಿಮಾನಕ್ಕೆ ಏನು ಉಡಬೇಕು?

‘ಪಂಚೆ ಉಟ್ಟರೆ ವಿಮಾನ ಹತ್ತಿಸ್ತಾರಾ?’ ಎಂದು ಅಳುಕುವ ಹಿರಿಯರೇ, ಧಾರಾಳವಾಗಿ ಉಡಿ. ವೆಲ್ಕ್ರೋ ಪಂಚೆಯಾದರೆ ಇನ್ನೂ ಒಳ್ಳೆಯದು. ತಪಾಸಣೆಯಲ್ಲಿ ಬೆಲ್ಟ್ ಬಿಚ್ಚಿ ಟ್ರೇಗೆ ಹಾಕುವ ಮುಜುಗರವಿಲ್ಲ. ಅಮೆರಿಕದ ಸ್ಪಿರಿಟ್ ಏರ್‌ಲೈನ್ಸ್ 2025ರ ಜನವರಿಯಲ್ಲಿ ಬಿಗಿಗೊಳಿಸಿದ ನಿಯಮ ಕೂಡ ಬೇಡವೆಂದದ್ದು ಮೈ ಕಾಣುವ ತೆಳುಬಟ್ಟೆ, ಬರಿಗಾಲು, ಅಶ್ಲೀಲ ಬರಹ ಇಂಥವನ್ನು.

ನನಗೆ ಹೆಚ್ಚು ಕಾಳಜಿ ಬಟ್ಟೆಯ ನೂಲಿನದು. ಬೆಂಕಿ ಬಿದ್ದರೆ ನೈಲಾನ್, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತವೆ. ಹತ್ತಿ, ಉಣ್ಣೆ ಹಾಗೆ ಕರಗುವುದಿಲ್ಲ. ತುರ್ತಿನಲ್ಲಿ ಗಾಳಿ ತುಂಬಿದ ಜಾರುಬಂಡೆಯಿಂದ ಇಳಿಯುವಾಗ ಹೈಹೀಲ್ಸ್ ಕಳಚಲೇಬೇಕು, ಮೊನಚಾದ ಹಿಮ್ಮಡಿ ಅದನ್ನು ಹರಿದೀತು. ಲೇಸ್ ಕಟ್ಟುವ ಶೂ ಹಾಕಿ. ವಿಮಾನ ಮೇಲೇರುವಾಗ, ಕೆಳಗಿಳಿಯುವಾಗ ಅದನ್ನು ಬಿಚ್ಚಬೇಡಿ. ಒಳಗೆ ಚಳಿಯಾಗಬಹುದು, ಒಂದು ಶಾಲು ಕೈಗೆ ಸಿಗುವಂತಿರಲಿ.