ಬೆಟ್ಟವೇರುವವರ ಕೈಯಲ್ಲಿ ಆರೋಗ್ಯಮಾಪಕ

ಶಿವಗಂಗೆಯ ಬೆಟ್ಟವನ್ನು ಹತ್ತಲು ಬರುವ ಅನೇಕ ಭಕ್ತರ ಮಣಿಕಟ್ಟಿನಲ್ಲಿ ಈಗ ನಾಡಿಬಡಿತವನ್ನು ಎಣಿಸುವ ಸ್ಮಾರ್ಟ್‌ವಾಚ್ ಇರುತ್ತದೆ. ಗಂಗಾಧರೇಶ್ವರನ ಸನ್ನಿಧಿಯಿಂದ ಒಳಕಲ್ಲು ತೀರ್ಥಕ್ಕೆ, ಅಲ್ಲಿಂದ ಮೇಲಿನ ನಂದಿಯತ್ತ ಸಾಗಿದಂತೆ ದಾರಿ ಕಡಿದಾಗುತ್ತದೆ. ವಯಸ್ಸಾದವರೂ ಮಧುಮೇಹ, ಹೃದ್ರೋಗಗಳುಳ್ಳವರೂ ತಮ್ಮ ಶ್ರಮವನ್ನು ಅಳೆದುಕೊಂಡು ಹತ್ತುವುದು ಯೋಗ್ಯವೇ. ಆದರೆ ಯಂತ್ರವು ತೋರುವ ಅಂಕಿಯ ಮಿತಿಯನ್ನು ಅರಿಯದಿದ್ದರೆ ಅದು ಹುಸಿ ಧೈರ್ಯಕ್ಕೆ ಕಾರಣವಾದೀತು.

ಯಂತ್ರವು ಅಳೆಯುವ ಬಗೆ

ವಾಚಿನ ತಳದಲ್ಲಿರುವ ಹಸಿರು ಬೆಳಕು ಚರ್ಮವನ್ನು ಹೊಕ್ಕು ಹಿಂದಿರುಗುತ್ತದೆ. ಹೃದಯವು ಬಡಿದಾಗಲೆಲ್ಲ ಕಿರುನಾಳಗಳಲ್ಲಿ ರಕ್ತ ಹೆಚ್ಚಿ, ಆ ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಈ ಏರಿಳಿತವನ್ನು ಎಣಿಸಿ ವಾಚು ಬ್ಲೂಟೂತ್ ಮೂಲಕ ಮೊಬೈಲಿಗೆ ಕಳುಹಿಸುತ್ತದೆ. ರಕ್ತದ ಆಮ್ಲಜನಕವನ್ನು ಕೆಂಪು ಮತ್ತು ಅವಕೆಂಪು ಬೆಳಕುಗಳಿಂದ ಅಂದಾಜು ಮಾಡುತ್ತದೆ. ಪಟ್ಟಿ ಸಡಿಲವಾಗಿದ್ದರೆ, ಕೈ ಅಲುಗುತ್ತಿದ್ದರೆ, ಆ ಜಾಗದಲ್ಲಿ ಹಚ್ಚೆಯಿದ್ದರೆ ಅಳತೆ ತಪ್ಪಬಹುದು. ಆದ್ದರಿಂದ ಕುಳಿತು, ಕೈಯನ್ನು ಒಂದು ನಿಮಿಷ ನಿಶ್ಚಲವಾಗಿರಿಸಿ ನೋಡಬೇಕು.

ನಾಡಿಬಡಿತ

220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ನಾಡಿಬಡಿತದ ಸ್ಥೂಲ ಅಂದಾಜು ದೊರೆಯುತ್ತದೆ. 60 ವರ್ಷದವರಿಗೆ ಅದು ನಿಮಿಷಕ್ಕೆ 160. ಸಾಧಾರಣ ಶ್ರಮದಲ್ಲಿ ಇದರ ಶೇ. 50ರಿಂದ 70ರಷ್ಟು, ಅಂದರೆ 80ರಿಂದ 112ರೊಳಗೆ ಇರಬೇಕು. ಆದರೆ ಮೆಟೊಪ್ರೊಲಾಲ್, ಅಟೆನೊಲಾಲ್ ಮೊದಲಾದ ಮಾತ್ರೆಗಳನ್ನು ಸೇವಿಸುವವರಿಗೆ ಈ ಲೆಕ್ಕ ಹೊಂದದು. ಆ ಔಷಧಗಳು ನಾಡಿಬಡಿತವನ್ನು ತಗ್ಗಿಸುವುದರಿಂದ, ದೇಹ ಬಳಲಿದ್ದರೂ ವಾಚಿನ ಅಂಕಿ ಕಡಿಮೆಯೇ ಇರುತ್ತದೆ. ಇಂಥವರಿಗೆ ಮಾತೇ ಉತ್ತಮ ಮಾಪಕ. ಒಂದು ಪೂರ್ಣ ವಾಕ್ಯವನ್ನು ತಡೆಯಿಲ್ಲದೆ ಆಡಲು ಉಸಿರು ಸಾಲದಿದ್ದರೆ ಅಲ್ಲಿಯೇ ಕುಳಿತು ವಿಶ್ರಮಿಸಬೇಕು.

ಮಧುಮೇಹಿಗಳಿಗೆ

ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಆದಕಾರಣ ಅದರ ಅಂಕಿ ಸುಮಾರು 5ರಿಂದ 15 ನಿಮಿಷ ಹಿಂದುಳಿಯುತ್ತದೆ. ಮೆಟ್ಟಿಲೇರುವಾಗ ಸ್ನಾಯುಗಳು ಸಕ್ಕರೆಯನ್ನು ವೇಗವಾಗಿ ಬಳಸುತ್ತವೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಂಡು ಉಪವಾಸದಲ್ಲಿ ಹತ್ತುವವರಿಗೆ ಅಪಾಯ ಹೆಚ್ಚು. ನಡುಕ, ತಣ್ಣನೆಯ ಬೆವರು, ಕಣ್ಣು ಮಂಜಾಗುವಿಕೆ ಕಂಡರೆ ಅಂಕಿಗಾಗಿ ಕಾಯದೆ ಮೂರು ಟೀ ಚಮಚ ಸಕ್ಕರೆ ತಿಂದು, 15 ನಿಮಿಷದ ಬಳಿಕ ಪುನಃ ಪರೀಕ್ಷಿಸಬೇಕು.

ಬ್ಲೂಟೂತ್ ಸಂಪರ್ಕವಿರುವುದು ಕೆಲವೇ ಮೀಟರುಗಳವರೆಗೆ. ಮೊಬೈಲನ್ನು ಕೆಳಗೆ ಕಾರಿನಲ್ಲಿ ಬಿಟ್ಟರೆ ಅದರ ಎಚ್ಚರಿಕೆಯ ಗಂಟೆ ನಿಮಗೆ ಕೇಳಿಸದು. ಚರ್ಮವನ್ನು ಚುಚ್ಚದೆ ಸಕ್ಕರೆಯನ್ನು ಅಳೆಯುವುದಾಗಿ ಹೇಳಿಕೊಳ್ಳುವ ವಾಚು, ಉಂಗುರಗಳನ್ನು ನಂಬಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರುವರಿಯಲ್ಲಿ ಎಚ್ಚರಿಸಿದೆ. ಅವುಗಳನ್ನು ನೆಚ್ಚಿ ಇನ್ಸುಲಿನ್ ಪ್ರಮಾಣವನ್ನು ಬದಲಿಸುವುದು ಪ್ರಾಣಾಪಾಯ.

ಎದೆನೋವು ಕಂಡಾಗ

ಕೆಲವು ವಾಚುಗಳು ಇಸಿಜಿ ತೆಗೆದು ಹೃದಯದ ಲಯ ತಪ್ಪಿದ್ದನ್ನು ಸೂಚಿಸಬಲ್ಲವು, ಹೃದಯಾಘಾತವನ್ನು ಪತ್ತೆಹಚ್ಚಲಾರವು. ಎದೆ ಬಿಗಿತ, ತೋಳು ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು ಇದ್ದು ವಾಚು ‘ಸಹಜ’ ಎಂದರೂ ಹತ್ತುವುದನ್ನು ನಿಲ್ಲಿಸಿ, ಕುಳಿತು, 108ಕ್ಕೆ ಕರೆ ಮಾಡಿಸಬೇಕು. ರಾಜ್ಯ ಸರ್ಕಾರವು 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಆಯ್ದ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ಪರೀಕ್ಷೆಯೂ ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದೂ ಉಚಿತವಾಗಿ ದೊರೆಯುತ್ತವೆ. ಮೊದಲ ಗಂಟೆಯೇ ಅಮೂಲ್ಯ.

ನೆನಪಿನಲ್ಲಿಡಬೇಕಾದವು

1. ಪೇಸ್‌ಮೇಕರ್ ಇರುವವರು ಮೊಬೈಲನ್ನು ಎದೆಯ ಜೇಬಿನಲ್ಲಿಡದೆ, ಕನಿಷ್ಠ 15 ಸೆಂ.ಮೀ. ದೂರವಿರಿಸಬೇಕು.
2. ರಕ್ತದೊತ್ತಡಕ್ಕೆ ತೋಳಪಟ್ಟಿಯ ಯಂತ್ರದ ಅಳತೆಯನ್ನೇ ಆಧಾರವಾಗಿಟ್ಟುಕೊಳ್ಳಬೇಕು.
3. ಮೊಬೈಲಿನಲ್ಲಿ ಸಂಗ್ರಹವಾದ ವಾರಗಳ ಅಂಕಿಗಳನ್ನು ವೈದ್ಯರಿಗೆ ತೋರಿಸಬೇಕು. ಒಂದು ದಿನದ ಅಂಕಿಗಿಂತ ಅವುಗಳ ಏರಿಳಿತವೇ ಹೆಚ್ಚು ತಿಳಿಸುತ್ತದೆ.
4. ಒಂಟಿಯಾಗಿ ಹತ್ತಬಾರದು; ಜೊತೆಯವರಿಗೆ ತಮ್ಮ ಕಾಯಿಲೆಯನ್ನೂ ಔಷಧವನ್ನೂ ತಿಳಿಸಿರಬೇಕು.

ಅಂಕಿಗೂ ದೇಹದ ಅನುಭವಕ್ಕೂ ಭೇದ ಕಂಡಾಗ ದೇಹದ ಮಾತನ್ನೇ ಮೊದಲು ಆಲಿಸಬೇಕು. ಶಿಖರವನ್ನು ಇನ್ನೊಂದು ದಿನವೂ ಏರಬಹುದು.