ಮ್ಯೂನಿಕ್ ಜೋಡಿಗೆ, ಭಾನುವಾರಕ್ಕೊಂದು ರೈಲು

ಗೆಳತಿಯೊಬ್ಬಳು ಈಗಷ್ಟೇ ಗಂಡನ ಜೊತೆ ಮ್ಯೂನಿಕ್‌ಗೆ ಬಂದಿಳಿದಿದ್ದಾಳೆ. ಪೆಟ್ಟಿಗೆ ಬಿಚ್ಚುವ ಮೊದಲೇ ವೀಕೆಂಡುಗಳ ಪಟ್ಟಿ ಕಳಿಸಿದ್ದಾಳೆ: ಒಂದು ವಾರ ಪ್ಯಾರಿಸ್, ಒಂದು ವಾರ ವೆನಿಸ್, ಇನ್ನೊಂದು ವಾರ ಸ್ವಿಟ್ಜರ್ಲೆಂಡ್. "ಸರಿಯಿದೆಯಾ ನೋಡಿ ಹೇಳು" ಅಂದಿದ್ದಾಳೆ.

ಸರಿಯಿಲ್ಲ. ಶುಕ್ರವಾರ ಸಂಜೆ ಆಫೀಸಿನಿಂದ ಹೊರಟು, ಮುಕ್ಕಾಲು ಗಂಟೆ ದೂರದ ವಿಮಾನ ನಿಲ್ದಾಣಕ್ಕೆ ಓಡಿ, ಭಾನುವಾರ ನಡುರಾತ್ರಿ ಮನೆಗೆ ಬಂದು ಬಿದ್ದರೆ ಸೋಮವಾರ ಇಬ್ಬರೂ ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ದೊಡ್ಡ ಊರುಗಳನ್ನು ದೊಡ್ಡ ರಜೆಗೆ ಇಟ್ಟುಕೊಳ್ಳಿ. ಮ್ಯೂನಿಕ್‌ನಿಂದ ಒಂದೆರಡು ಗಂಟೆ ರೈಲಿನಲ್ಲಿ ಕೂತರೆ ಆಲ್ಪ್ಸ್ ಇದೆ, ಸರೋವರಗಳಿವೆ, ರಾಜನೊಬ್ಬ ಸಾಲ ಮಾಡಿ ಕಟ್ಟಿಸಿದ ಅರಮನೆಗಳಿವೆ. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಇಬ್ಬರೇ ಇರುವ ಸಂಸಾರಕ್ಕೆ ಇದಕ್ಕಿಂತ ಒಳ್ಳೆಯ ಊರು ಯುರೋಪಿನಲ್ಲಿ ಕಡಿಮೆ.

ಮೊದಲು ಟಿಕೇಟಿನ ಮಾತು. ಅಪರೂಪಕ್ಕೆ ಹೋಗುವವರಿಗೆ ಬಯರ್ನ್ ಟಿಕೆಟ್ ಸಾಕು. ಒಂದೇ ಟಿಕೇಟಿನಲ್ಲಿ ಐದು ಜನರವರೆಗೆ ಬವೇರಿಯಾ ಪೂರ್ತಿ ಸುತ್ತಬಹುದು. ಇಬ್ಬರಿಗೆ ನಾವು ಕೊಡುತ್ತಿದ್ದದ್ದು ನಲವತ್ತು ಯೂರೊ ಆಸುಪಾಸು, ಈಗ ಏರಿರಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ಹತ್ತಬೇಕು, ಶನಿವಾರ ಭಾನುವಾರ ಆ ಕಟ್ಟಿಲ್ಲ. ಟಿಕೇಟಿನ ಮೇಲೆ ಹೆಸರು ಬರೆಯುವುದನ್ನು ಮರೆಯಬೇಡಿ. ಕಡ್ಡಾಯ. ತಿಂಗಳಿಗೆ ಎರಡು ಮೂರು ಸಲ ಹೋಗುವ ಉಮೇದು ಇದ್ದರೆ ಡಾಯ್ಚ್‌ಲಾಂಡ್ ಟಿಕೆಟ್ ಮಾಡಿಸಿ. 2023ರ ಮೇನಲ್ಲಿ ಶುರುವಾದಾಗ ತಿಂಗಳಿಗೆ 49 ಯೂರೊ ಇತ್ತು, 2025ಕ್ಕೆ 58 ಆಯಿತು, ಆಮೇಲೆ ಇನ್ನೂ ಏರಿತು. ಅದು ಚಂದಾ, 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ. ಎರಡೂ ಟಿಕೇಟುಗಳಲ್ಲಿ ಐಸಿಇಯಂಥ ವೇಗದ ರೈಲು ಹತ್ತುವ ಹಾಗಿಲ್ಲ. ಹತ್ತುವ ಅಗತ್ಯವೂ ಇಲ್ಲ.

ಮ್ಯೂನಿಕ್ ಮುಖ್ಯ ನಿಲ್ದಾಣದ ಬಗ್ಗೆ ಯಾರೂ ಹೇಳದ ಒಂದು ವಿಷಯ. 5ರಿಂದ 10ರವರೆಗಿನ ಪ್ಲಾಟ್‌ಫಾರ್ಮುಗಳು ಒಂದು ಪಕ್ಕದ ರೆಕ್ಕೆಯಲ್ಲಿವೆ, 27ರಿಂದ 36ರವರೆಗಿನವು ಇನ್ನೊಂದು ಪಕ್ಕದ ರೆಕ್ಕೆಯಲ್ಲಿ. ದೊಡ್ಡ ಹಾಲ್‌ನಲ್ಲಿ ನಿಂತು ನೋಡಿದರೆ ಎರಡೂ ಹತ್ತಿರ ಕಾಣುವುದಿಲ್ಲ, ಯಾಕೆಂದರೆ ಹತ್ತಿರ ಇಲ್ಲ. ಬೆಟ್ಟದ ಕಡೆಯ ರೈಲುಗಳು ಹೆಚ್ಚಾಗಿ ಈ ರೆಕ್ಕೆಗಳಿಂದಲೇ ಹೊರಡುತ್ತವೆ. ಹತ್ತು ನಿಮಿಷ ಮೊದಲೇ ಹೋಗಿ.

ಇನ್ನೊಂದು, ಇದು ಇನ್ನೂ ಮುಖ್ಯ: ಕೆಲವು ರೈಲುಗಳು ದಾರಿಯಲ್ಲಿ ಒಡೆದು ಬೇರೆಯಾಗುತ್ತವೆ. ಟೆಗರ್ನ್‌ಸೇ ಸರೋವರಕ್ಕೆ ಹೋಗುವ ರೈಲು ಹೋಲ್ಟ್ಸ್‌ಕಿರ್ಶನ್‌ನಲ್ಲಿ ಒಮ್ಮೆ, ಶಾಫ್ಟ್‌ಲಾಖ್‌ನಲ್ಲಿ ಇನ್ನೊಮ್ಮೆ ಬಿಡಿಯಾಗುತ್ತದೆ. ಮುಂದಿನ ಬೋಗಿಯಲ್ಲಿ ಕೂತವರು ಒಂದು ಊರಿಗೆ, ಹಿಂದಿನವರು ಇನ್ನೊಂದಕ್ಕೆ. ಕಿಟಕಿ ಸೀಟು ಸಿಕ್ಕಿತೆಂದು ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಕೂತರೆ ಆ ಭಾನುವಾರ ಇಬ್ಬರೂ ಬೇರೆ ಬೇರೆ ಬೆಟ್ಟ ಹತ್ತಬೇಕಾಗುತ್ತದೆ. ಬೋಗಿಯ ಹೊರಗಿನ ಬೋರ್ಡು ಓದಿಯೇ ಹತ್ತಿ.

ಶನಿವಾರವೋ ಭಾನುವಾರವೋ? ಭಾನುವಾರ. ಅನುಮಾನವೇ ಬೇಡ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ, ಬವೇರಿಯಾದಲ್ಲಿ ಉಳಿದ ದಿನವೂ ರಾತ್ರಿ ಎಂಟಕ್ಕೆ ಬಾಗಿಲು. ಶನಿವಾರ ತಿರುಗಾಟಕ್ಕೆ ಹೋದಿರೋ, ಭಾನುವಾರ ಮನೆಯಲ್ಲಿ ಹಾಲೂ ಇಲ್ಲ, ಈರುಳ್ಳಿಯೂ ಇಲ್ಲ. ಶನಿವಾರ ದಿನಸಿ, ಬಟ್ಟೆ, ಊರಿಗೆ ಫೋನು ಎಲ್ಲ ಮುಗಿಸಿ, ಭಾನುವಾರ ಬೆಳಗಿನ ಮೊದಲ ರೈಲು ಹಿಡಿಯಿರಿ. ಎಂಟರ ನಂತರದ ರೈಲಿನಲ್ಲಿ ಬೆಟ್ಟ ಹತ್ತುವವರು, ಅವರ ಕೋಲು, ನಾಯಿ, ಸೈಕಲ್ಲು ಎಲ್ಲ ತುಂಬಿ ಕಾಲಿಡಲು ಜಾಗವಿರುವುದಿಲ್ಲ. ಸೆಪ್ಟೆಂಬರ್ ಕೊನೆಯ ವಾರಗಳಲ್ಲಿ ಮಾತ್ರ ಮನೆಯಲ್ಲೇ ಇರಿ; ಅಕ್ಟೋಬರ್‌ಫೆಸ್ಟ್ ಜನ ಬೆಳಿಗ್ಗೆಯೇ ಬಾಟಲಿ ತೆರೆದು ರೈಲಿನಲ್ಲಿ ಹಾಡು ಶುರು ಮಾಡಿರುತ್ತಾರೆ.

ಈಗ ಜಾಗಗಳು. ಒಂದೇ ಒಂದು ದಿನ ಕೊಡುತ್ತೇನೆ ಅಂದರೆ ನಾನು ಕೋನಿಗ್‌ಸೇ ಸರೋವರಕ್ಕೆ ಕಳಿಸುತ್ತೇನೆ. ದೂರವೇ ಸರಿ: ಫ್ರೈಲಾಸಿಂಗ್‌ನಲ್ಲಿ ರೈಲು ಬದಲಿಸಿ ಬೆರ್ಖ್ಟೆಸ್‌ಗಾಡನ್‌ಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿಯಬೇಕು. ಹೋಗಲು ಮೂರು ಗಂಟೆಯ ಮೇಲೆ. ಎರಡೂ ದಡದಲ್ಲಿ ಬಂಡೆಗಳು ನೇರ ನೀರಿಗೇ ಇಳಿದಿರುವುದರಿಂದ ಸುತ್ತ ನಡೆಯುವ ದಾರಿಯೇ ಇಲ್ಲ, ದೋಣಿಯೇ ಗತಿ. ಆ ದೋಣಿಗಳು 1909ರಿಂದ ವಿದ್ಯುತ್ತಿನಲ್ಲೇ ಓಡುತ್ತಿವೆ, ಹಾಗಾಗಿ ಸದ್ದಿಲ್ಲ. ನಡುವೆ ಒಂದು ಬಂಡೆಯ ಎದುರು ದೋಣಿ ನಿಲ್ಲಿಸಿ ಒಬ್ಬರು ಎದ್ದು ಕಹಳೆ ಊದುತ್ತಾರೆ, ಬೆಟ್ಟ ಅದನ್ನು ಹಿಂದಕ್ಕೆ ಊದುತ್ತದೆ. ಆಮೇಲೆ ಟೋಪಿ ಬರುತ್ತದೆ, ಚಿಲ್ಲರೆ ಇಟ್ಟುಕೊಂಡಿರಿ.

ಬಹಳ ಜನ ಸೇಂಟ್ ಬಾರ್ತೊಲೊಮೆಯ ಕೆಂಪು ಗುಮ್ಮಟದ ಚರ್ಚಿನ ಹತ್ತಿರ ಇಳಿದು, ಫೋಟೊ ತೆಗೆದು, ವಾಪಸಾಗುತ್ತಾರೆ. ನೀವು ಹಾಗೆ ಮಾಡಬೇಡಿ. ಟಿಕೇಟು ಕೊಳ್ಳುವಾಗಲೇ ಕೊನೆಯ ದೋಣಿಕಟ್ಟೆ ಸಾಲೆಟ್‌ವರೆಗೆ ಕೇಳಿ. ಅಲ್ಲಿಂದ ಕಾಲು ಗಂಟೆ ನಡೆದರೆ ಓಬರ್‌ಸೇ ಎಂಬ ಇನ್ನೊಂದು ಪುಟ್ಟ ಸರೋವರ. ಅದರ ಬಲದಂಡೆಯ ಕಲ್ಲುದಾರಿಯಲ್ಲಿ ಆಚೆ ತುದಿಗೆ ಹೋದರೆ ದನಗಳ ಗಂಟೆ ಕೇಳಿಸುತ್ತದೆ, ಅಲ್ಲೊಂದು ಕೊಟ್ಟಿಗೆಮನೆಯಲ್ಲಿ ಮಜ್ಜಿಗೆ ಸಿಗುತ್ತದೆ. ಹೌದು, ಮಜ್ಜಿಗೆ. ಒಗ್ಗರಣೆ ಇಲ್ಲ ಅಷ್ಟೇ. ಅದರಾಚೆ ರ್ಯೋಟ್‌ಬಾಖ್ ಜಲಪಾತ, ಸುಮಾರು 470 ಮೀಟರು, ಜರ್ಮನಿಯಲ್ಲೇ ಎತ್ತರದ್ದು. ಲೆಕ್ಕದಲ್ಲಿ ಜೋಗಕ್ಕಿಂತ ಬಹಳ ಎತ್ತರ; ಆದರೆ ಆಗಸ್ಟಿನ ಜೋಗ ಕಂಡವರಿಗೆ ಇದು ಹಳೇ ಮನೆಯ ಗೋಡೆಯಲ್ಲಿ ನೀರು ಸೋರಿದ ಹಾಗೆ. ಜಲಪಾತಕ್ಕಾಗಿ ಹೋಗಬೇಡಿ, ಆ ಕಣಿವೆಗಾಗಿ ಹೋಗಿ. ಸಾಲೆಟ್‌ನಿಂದ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಇಳಿದ ಕೂಡಲೇ ಬೋರ್ಡು ನೋಡಿಕೊಳ್ಳಿ. ತಪ್ಪಿದರೆ ನಡೆದು ಬರುವ ದಾರಿ ಇಲ್ಲ ಅಂದೆನಲ್ಲ. ಚಳಿಗಾಲದಲ್ಲಿ ಅಲ್ಲಿಯವರೆಗೆ ದೋಣಿ ಬಿಡುವುದಿಲ್ಲ.

ಗಾರ್ಮಿಶ್ ಹತ್ತಿರ ಎಲ್ಲರೂ ತ್ಸುಗ್‌ಸ್ಪಿಟ್ಸೆ ಹತ್ತಿಸುತ್ತಾರೆ. 2962 ಮೀಟರು, ದೇಶದ ಅತಿ ಎತ್ತರದ ತುದಿ. ಟಿಕೇಟಿನ ದರ ಕೇಳಿದರೆ ತುದಿಗೆ ಹೋಗುವ ಮೊದಲೇ ಉಸಿರು ಕಟ್ಟುತ್ತದೆ. ಮೋಡ ಕವಿದಿದ್ದರೆ ಅಷ್ಟು ದುಡ್ಡಿಗೆ ಬಿಳಿ ಹಾಳೆ ನೋಡಿ ಬರುತ್ತೀರಿ. ಹೋಗಲೇಬೇಕೆಂದರೆ ತುದಿಯ ಕ್ಯಾಮೆರಾ ಚಿತ್ರ ಇಂಟರ್ನೆಟ್ಟಿನಲ್ಲಿ ಬರುತ್ತದೆ, ಹೊರಡುವ ಮುಂಚೆ ನೋಡಿ. ನನ್ನ ಮಾತು ಕೇಳುವುದಾದರೆ ಬೆಳಿಗ್ಗೆ ಪಾರ್ಟ್ನಾಖ್ ಕಮರಿ, ಮಧ್ಯಾಹ್ನ ಬೆಟ್ಟದ ಬುಡದ ಐಬ್‌ಸೇ ಸರೋವರ. 1936ರ ಚಳಿಗಾಲದ ಒಲಿಂಪಿಕ್ಸ್ ನಡೆದ ಸ್ಕೀ ಮೈದಾನದ ಹಿಂದಿನಿಂದ ಅರ್ಧ ಗಂಟೆ ನಡೆದರೆ ಕಮರಿಯ ಬಾಯಿ. ಎಂಬತ್ತು ಮೀಟರಿನ ಬಂಡೆಗೋಡೆಗಳ ನಡುವೆ ನದಿ ಭೋರ್ಗರೆಯುತ್ತದೆ, ಗೋಡೆಯನ್ನೇ ಕೊರೆದು ಮಾಡಿದ ಕಿರುದಾರಿಯಲ್ಲಿ ನೀವು. ಮೇಲಿನಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ, ಕೊಡೆ ಬಿಚ್ಚಲು ಜಾಗವಿಲ್ಲ, ರೇನ್‌ಕೋಟ್ ಬೇಕು. ಜನವರಿಯಲ್ಲಿ ಆ ತೊಟ್ಟಿಕ್ಕುವ ನೀರೆಲ್ಲ ಹೆಪ್ಪುಗಟ್ಟಿ ನೇತಾಡುತ್ತದೆ. ಹಿಮ ಕರಗುವ ಕಾಲದಲ್ಲಿ ಮುಚ್ಚಿರುತ್ತಾರೆ. ಐಬ್‌ಸೇ ಸುತ್ತು ಏಳೂವರೆ ಕಿಲೊಮೀಟರು, ಹೆಚ್ಚು ಏರಿಲ್ಲ. ಒಬ್ಬರಿಗೆ ನಡೆಯುವ ಹುಚ್ಚು, ಇನ್ನೊಬ್ಬರಿಗೆ ಕೂರುವ ಹುಚ್ಚು ಇರುವ ಮನೆಗೆ ಇದು ಹೇಳಿಮಾಡಿಸಿದ ಜಾಗ. ನಮ್ಮ ಮನೆಯಲ್ಲಿ ಕೂರುವವಳು ನಾನು. ಬಂಡೆಯ ಮೇಲೆ ಕೂತಿದ್ದೆ, ಇವರು ಸುತ್ತು ಮುಗಿಸಿ ಬಂದರು, ಇಬ್ಬರಿಗೂ ಜಗಳವಿಲ್ಲ.

ಜಗಳವಾಗಿದ್ದು ವಾಪಸು ಬರುವಾಗ, ಅದೂ ನಮ್ಮೊಳಗಲ್ಲ. ಹಳಿ ರಿಪೇರಿಯನ್ನು ಇಲ್ಲಿ ಸಾಮಾನ್ಯವಾಗಿ ವಾರಾಂತ್ಯಕ್ಕೇ ಇಟ್ಟುಕೊಳ್ಳುತ್ತಾರೆ. ನಡುದಾರಿಯ ಒಂದು ಸಣ್ಣ ಸ್ಟೇಷನ್‌ನಲ್ಲಿ ಎಲ್ಲರನ್ನೂ ಇಳಿಸಿ, ಬದಲಿ ಬಸ್ಸು ಬರುತ್ತದೆ ಅಂದರು. ಒಂದು ರೈಲಿನ ಜನಕ್ಕೆ ಒಂದು ಬಸ್ಸು ಬಂತು. ಶಿಸ್ತಿನ ದೇಶ, ಸಾಲು, ಸರದಿ ಎಂದು ನಾವು ಕೇಳಿದ್ದೆಲ್ಲ ಆ ಬಸ್ಸಿನ ಬಾಗಿಲಲ್ಲಿ ಸುಳ್ಳಾಯಿತು. ಮೆಜೆಸ್ಟಿಕ್‌ನಲ್ಲಿ ಹಬ್ಬದ ಹಿಂದಿನ ದಿನ ಬಸ್ಸು ಹತ್ತಿದ ಅಭ್ಯಾಸ ನಮಗೆ ಆವತ್ತು ಕೈಹಿಡಿಯಿತು. ಹಾಗಾಗಿ ಶನಿವಾರ ರಾತ್ರಿ ರೈಲಿನ ಆ್ಯಪ್‌ನಲ್ಲಿ ಬರುವ ದಾರಿಯನ್ನೂ ನೋಡಿಡಿ, ಹೋಗುವುದನ್ನು ಮಾತ್ರವಲ್ಲ. ಎಸ್‌ಇವಿ ಎಂದು ಕಂಡರೆ ಬದಲಿ ಬಸ್ಸು ಎಂದರ್ಥ. ಕಂಡ ಕೂಡಲೇ ಆ ದಿಕ್ಕು ಬಿಟ್ಟು ಬೇರೆ ದಿಕ್ಕು ಹಿಡಿಯಿರಿ.

ನಾಯ್‌ಶ್ವಾನ್‌ಸ್ಟೈನ್ ಅರಮನೆ ನೋಡದೆ ಯಾರೂ ಬಿಡುವುದಿಲ್ಲ, ನೋಡಿ. ಆದರೆ ಒಳಗಿನ ಟಿಕೇಟಿಗೆ ಒದ್ದಾಡಬೇಡಿ. ಮುಂಗಡ ಕಾದಿರಿಸಿ, ಗುಡ್ಡ ಹತ್ತಿ, ನಿಮಿಷ ತಪ್ಪದೆ ಗೇಟಿನಲ್ಲಿ ನಿಂತರೆ ಅರ್ಧ ಗಂಟೆಯಲ್ಲಿ ಒಳಗೆಲ್ಲ ಸುತ್ತಿಸಿ ಹೊರಗೆ ಬಿಡುತ್ತಾರೆ. ಫೋಟೊ ತೆಗೆಯುವ ಹಾಗಿಲ್ಲ. ಎರಡನೇ ಲುಡ್ವಿಗ್ 1869ರಲ್ಲಿ ಕಟ್ಟಿಸಲು ಶುರು ಮಾಡಿ, ಮುಗಿಯುವ ಮೊದಲೇ 1886ರಲ್ಲಿ ಸರೋವರದಲ್ಲಿ ಹೆಣವಾಗಿ ಸಿಕ್ಕಿದ. ಸತ್ತ ಏಳು ವಾರಕ್ಕೆ ಅರಮನೆಗೆ ಟಿಕೇಟು ಇಟ್ಟರು. ಅಂದಿನಿಂದ ಸಾಲು ಕರಗಿಲ್ಲ. ಎದುರಿನ ಮೇರಿ ಸೇತುವೆಯ ಮೇಲೆ ಹತ್ತು ನಿಮಿಷ ನಿಂತರೆ ನೋಡಬೇಕಾದ್ದೆಲ್ಲ ಕಂಡಿತು. ಸೇತುವೆ ದಾಟಿ ಮೇಲಕ್ಕೆ ಸ್ವಲ್ಪ ಹತ್ತಿದರೆ ಜನವೂ ಇಲ್ಲ, ನೋಟವೂ ಚೆಂದ.

ಅದೇ ರಾಜನ ಇನ್ನೊಂದು ಅರಮನೆ ಕೀಮ್‌ಸೇ ಸರೋವರದ ನಡುಗಡ್ಡೆಯಲ್ಲಿದೆ, ವರ್ಸೇಲ್ಸ್‌ನ ನಕಲು. ಪ್ರೀನ್‌ನಲ್ಲಿ ಇಳಿದರೆ ದೋಣಿಕಟ್ಟೆಯವರೆಗೆ 1887ರ ಪುಟ್ಟ ಹಬೆ ರೈಲಿದೆ. ಅರಮನೆ ಸಾಕೆನಿಸಿದ ಮೇಲೆ ಪಕ್ಕದ ಫ್ರೌಎನ್ ದ್ವೀಪಕ್ಕೆ ದಾಟಿ. ಅಲ್ಲಿ 8ನೇ ಶತಮಾನದ ಸನ್ಯಾಸಿನಿಯರ ಮಠ, ಹೂವಿನ ಬೇಲಿ, ಮೀನುಗಾರರ ಮನೆ, ಕಾರಿನ ಸುಳಿವಿಲ್ಲ.

ಸಾಲ್ಜ್‌ಬರ್ಗ್: ಊರಿಂದ ಅತ್ತೆ-ಮಾವ ಬಂದಾಗ ಕರೆದುಕೊಂಡು ಹೋಗಿ. ನಿಮ್ಮ ಬವೇರಿಯಾದ ಟಿಕೇಟು ಅಲ್ಲಿಯವರೆಗೂ ನಡೆಯುತ್ತದೆ. ಗಡಿಯಲ್ಲಿ ಪೊಲೀಸರು ಹತ್ತುವುದುಂಟು, ಪಾಸ್‌ಪೋರ್ಟು ಮತ್ತು ವಾಸದ ಕಾರ್ಡು ಎರಡೂ ಮೂಲಪ್ರತಿಯೇ ಕೈಯಲ್ಲಿರಲಿ.

ಊಟದ ಮಾತಿಗೆ ಬರೋಣ. ನಾವು ಸಸ್ಯಾಹಾರಿಗಳು, ಬವೇರಿಯಾ ಅಲ್ಲ. "ಮಾಂಸ ಬೇಡ" ಅಂದರೂ ಹುರಿದ ಆಲೂಗಡ್ಡೆಯಲ್ಲಿ ಹಂದಿಮಾಂಸದ ಚೂರು ಇರುತ್ತದೆ, ಆಲೂಗಡ್ಡೆ ಸಲಾಡಿಗೆ ಎಷ್ಟೋ ಕಡೆ ಮಾಂಸದ ಸಾರು ಹಾಕಿರುತ್ತಾರೆ. ಕೇಳಿಯೇ ತಿನ್ನಿ. ಒಬಾಟ್ಸ್ಡಾ ಎಂಬ ಚೀಸಿನ ಮಿಶ್ರಣ ಹಚ್ಚಿದ ಬ್ರೆಟ್ಸೆಲ್ ಬ್ರೆಡ್ಡು, ಮೊಟ್ಟೆ ನಡೆಯುವುದಾದರೆ ಚೀಸಿನಲ್ಲಿ ಕಲಸಿದ ಷ್ಪೆಟ್ಸ್ಲೆ ನೂಡಲ್ಸು, ಸಿಹಿ ದೋಸೆಯಂಥ ಕೈಸರ್‌ಶ್ಮಾರ್ನ್ ಇವು ನಂಬಿಕಸ್ಥ. ಮೇಜಿನ ಮೇಲೆ ಬುಟ್ಟಿಯಲ್ಲಿಟ್ಟ ಬ್ರೆಟ್ಸೆಲ್ ಬಿಟ್ಟಿಯಲ್ಲ, ತಿಂದಷ್ಟಕ್ಕೂ ಬಿಲ್ಲು. ನೀರಿಗೂ ದುಡ್ಡು, ಅದೂ ಬಿಯರಿನ ಹತ್ತಿರ ಹತ್ತಿರ. ಒಂದು ಸರೋವರದ ದಂಡೆಯ ಹೋಟೆಲಿನಲ್ಲಿ ನಲ್ಲಿನೀರು ಕೇಳಿದ್ದಕ್ಕೆ ಬಡಿಸುವಾಕೆ ನಮ್ಮನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಇದಕ್ಕೆಲ್ಲ ಪರಿಹಾರ ಬುತ್ತಿ. ಅದಕ್ಕೆ ರಾಜಾಜ್ಞೆಯ ಬೆಂಬಲವೇ ಇದೆ. 1812ರಲ್ಲಿ ರಾಜ ಮ್ಯಾಕ್ಸಿಮಿಲಿಯನ್, ಬಿಯರು ತಯಾರಿಸುವವರು ತಮ್ಮ ನೆಲಮಾಳಿಗೆಯ ಮೇಲೆ ಬಿಯರು ಮಾರಬಹುದು, ಬ್ರೆಡ್ಡು ಬಿಟ್ಟು ಬೇರೆ ಊಟ ಮಾರಕೂಡದು ಎಂದ. ತಮ್ಮ ವ್ಯಾಪಾರ ಕೆಡುತ್ತದೆ ಎಂದು ಹೋಟೆಲಿನವರು ದೂರಿದ್ದರು. ಜನ ಮನೆಯಿಂದ ಊಟ ತಂದರು. ಆ ಪದ್ಧತಿ ಇಂದಿಗೂ ಇದೆ: ಮರದಡಿಯ ಬಿಯರ್ ಗಾರ್ಡನ್ನಿನಲ್ಲಿ ಕುಡಿಯುವುದನ್ನು ಅಲ್ಲೇ ಕೊಂಡರೆ ತಿನ್ನುವುದು ನಿಮ್ಮದೇ ಇರಬಹುದು. ಮೇಜಿಗೆ ಬಟ್ಟೆ ಹಾಸಿದ್ದರೆ ಅಲ್ಲಿ ಬೇಡ, ಬರೀ ಮರದ ಮೇಜಿಗೆ ಹೋಗಿ. ನಾವು ಇಂಗ್ಲಿಷ್ ಗಾರ್ಡನ್ನಿನ ಚೀನೀ ಗೋಪುರದ ಕೆಳಗೆ ಪುಳಿಯೋಗರೆ ಬಿಚ್ಚಿದ್ದೇವೆ. ಪಕ್ಕದ ಮೇಜಿನ ಅಜ್ಜ ತಮ್ಮ ಮೂಲಂಗಿ ಹೋಳು ಕೊಟ್ಟು ನಮ್ಮ ಕಡಲೆಬೀಜ ಆರಿಸಿಕೊಂಡರು. ಬಿಯರು ಬೇಡದವರು ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್‌ಫೆಲ್‌ಶೋರ್ಲೆ ತೆಗೆದುಕೊಳ್ಳಿ. ಲೋಟಕ್ಕೆ ಕೆಲವು ಕಡೆ ಮುಂಗಡ ಹಿಡಿಯುತ್ತಾರೆ, ತಿರುಗಿ ಕೊಟ್ಟು ದುಡ್ಡು ವಾಪಸ್ ಪಡೆಯಿರಿ. ಬೆಟ್ಟದ ಮೇಲಿನ ಸಣ್ಣ ಹೋಟೆಲುಗಳಲ್ಲಿ ಕಾರ್ಡು ನಡೆಯದಿರಬಹುದು, ಸ್ಟೇಷನ್ ಶೌಚಾಲಯಕ್ಕೂ ನಾಣ್ಯ ಬೇಕು.

ಡಾಖಾವ್ ಯಾತನಾ ಶಿಬಿರವನ್ನು ಈ ಪಟ್ಟಿಗೆ ಸೇರಿಸಿಲ್ಲ. ಎಸ್2 ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಡಾಖಾವ್ ಸ್ಟೇಷನ್ ತಲುಪಬಹುದು, ಪ್ರವೇಶ ಉಚಿತ, ಖಂಡಿತ ಹೋಗಬೇಕು. ಆದರೆ ಅದಕ್ಕೆ ಬೇರೆಯೇ ಒಂದು ದಿನ ಕೊಡಿ. ಬುತ್ತಿ ಕಟ್ಟಿಕೊಂಡು ಹೋಗುವ ಭಾನುವಾರ ಬೇಡ.

ಕಾರು ಬಾಡಿಗೆಗೆ ತಗೊಳ್ಳೋದಾ ಎಂದು ಗೆಳತಿಯ ಗಂಡ ಕೇಳಿಸಿದ್ದಾನೆ. ಭಾನುವಾರ ಸಂಜೆ ಬೆಟ್ಟದಿಂದ ಮ್ಯೂನಿಕ್‌ಗೆ ಬರುವ ಹೆದ್ದಾರಿಯಲ್ಲಿ ಸಿಲ್ಕ್ ಬೋರ್ಡ್ ನೆನಪಾಗುತ್ತದೆ, ಹಾಗಾಗಿ ಬೇಡ. ಒಂದೇ ಒಂದು ಸಲಕ್ಕೆ ಬೇಕಾದರೆ ತಗೊಳ್ಳಿ, ಲಿಂಡರ್‌ಹೋಫ್‌ಗೆ. ಲುಡ್ವಿಗ್‌ನ ಅರಮನೆಗಳಲ್ಲಿ ಚಿಕ್ಕದು, ಅವನು ಬದುಕಿದ್ದಾಗಲೇ ಮುಗಿದದ್ದು, ನನ್ನ ಕಣ್ಣಿಗೆ ಎಲ್ಲಕ್ಕಿಂತ ಚೆಂದದ್ದು. ರೈಲು ಅಲ್ಲಿಗೆ ಹೋಗುವುದಿಲ್ಲ, ಓಬರ್‌ಆಮರ್‌ಗೌನಿಂದ ಬರುವ ಬಸ್ಸು ವಿರಳ. ನಮ್ಮ ಭಾರತದ ಲೈಸೆನ್ಸು ಇಲ್ಲಿ ವಾಸಕ್ಕೆ ಬಂದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಅಷ್ಟರೊಳಗೆ ಹೋಗಿ ಬನ್ನಿ.